ಪದಕಕ್ಕಿಂತ ಪ್ರಯಾಣದ ಟಿಕೆಟ್ ಮೇಲು

ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಅಲ್ಲೇ ಕೆಲಸದಲ್ಲಿದ್ದೇನೆ. ಓದಿದ ವಿಶ್ವವಿದ್ಯಾಲಯದ ಗ್ರಾಜುಯೇಟ್ ಸ್ಕೂಲಿನ (ಎಂ.ಎಸ್., ಪಿಎಚ್‌.ಡಿ. ಓದು ನೋಡಿಕೊಳ್ಳುವ ವಿಭಾಗ) ಸಲಹಾ ಮಂಡಳಿಗೆ ಸೇರಿ ಎಂದು ಡೀನ್ ಪತ್ರ ಬರೆದಿದ್ದಾರೆ. ಸಂಬಳವಿಲ್ಲ. ಬರೀ ದುಡ್ಡು ಕೇಳುವುದಕ್ಕೆ ಕರೆಯುತ್ತಿದ್ದಾರೆಯೇ?

ಉತ್ತರ: ದುಡ್ಡನ್ನೂ ಕೇಳುತ್ತಾರೆ, ಅದರಲ್ಲಿ ಮುಚ್ಚುಮರೆಯಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸಭೆ ಇರುತ್ತವೆ. ಪ್ರವೇಶ, ಪಠ್ಯ, ನೇಮಕಾತಿ ಯಾವುದರಲ್ಲೂ ನಿಮಗೆ ಮತವಿಲ್ಲ. ಒಪ್ಪುವ ಮುಂಚೆ ಅವಧಿ ಎಷ್ಟು ವರ್ಷ, ವರ್ಷಕ್ಕೆ ಇಂತಿಷ್ಟು ಕೊಡಲೇಬೇಕೆಂಬ ನಿಯಮವಿದೆಯೇ, ಸಭೆಗೆ ಬಂದುಹೋಗುವ ಖರ್ಚು ಯಾರದು ಎಂದು ಬರಹದಲ್ಲೇ ಕೇಳಿಕೊಳ್ಳಿ.

ದುಡ್ಡು ಕೊಡಲು ಹೊರಟಾಗ ಹೆಚ್ಚಿನವರು ಎಡವುವುದು ದತ್ತಿನಿಧಿಯ ಲೆಕ್ಕದಲ್ಲಿ. ಮೂಲಧನವನ್ನು ಹೂಡಿಕೆಯಲ್ಲಿಟ್ಟು ವರ್ಷಕ್ಕೆ ಸುಮಾರು ಶೇ 4ರಿಂದ 5ರಷ್ಟನ್ನು ಮಾತ್ರ ಖರ್ಚಿಗೆ ಬಿಡುತ್ತಾರೆ. ಅಂದರೆ 1 ಲಕ್ಷ ಡಾಲರ್ ಇಟ್ಟರೆ ಕೈಗೆ ಸಿಗುವುದು 4ರಿಂದ 5 ಸಾವಿರ. ಒಬ್ಬ ಪಿಎಚ್‌.ಡಿ. ವಿದ್ಯಾರ್ಥಿಗೆ ವರ್ಷಕ್ಕೆ 40 ಸಾವಿರ ಡಾಲರ್ ಕೊಡಬೇಕೆಂದರೆ ಶೇ 4ರ ಲೆಕ್ಕದಲ್ಲಿ 10 ಲಕ್ಷ ಬೇಕು. ಹಾಗಾಗಿ ಸಣ್ಣ ನಿಧಿಗೆ 'ಫೆಲೋಶಿಪ್' ಎಂಬ ದೊಡ್ಡ ಹೆಸರಿಡುವ ಆಸೆ ಬಿಡಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ತಂದೆತಾಯಿಯ ಹೆಸರಲ್ಲಿ ಚಿನ್ನದ ಪದಕ ಇಡುವುದೂ ಇದೇ ಬಗೆ: ಆಗಲೇ ಗೆದ್ದವರಿಗೆ ಇನ್ನೊಂದು ಹಾರ!

ಸಣ್ಣ ಹಣ ನಿಜಕ್ಕೂ ಕೆಲಸಕ್ಕೆ ಬರುವುದು ಸಂದುಗಳಲ್ಲಿ. ಅನೇಕ ಪಿಎಚ್‌.ಡಿ. ವಿದ್ಯಾರ್ಥಿಗಳ ಬೋಧನಾ ಸಹಾಯಕ ಹುದ್ದೆ ಒಂಬತ್ತು ತಿಂಗಳದ್ದು. ಬೇಸಿಗೆಯಲ್ಲಿ ಸಂಬಳ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) ಕೊಡುವ ಸ್ನಾತಕೋತ್ತರ ಸಂಶೋಧನಾ ಫೆಲೋಶಿಪ್‌ಗೆ ಅಮೆರಿಕದ ಪೌರರು, ಕಾಯಂ ನಿವಾಸಿಗಳಂಥವರೇ ಅರ್ಹರು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದ ನಮ್ಮ ಮಕ್ಕಳಿಗೆ ಆ ಬಾಗಿಲಿಲ್ಲ. ಸಮ್ಮೇಳನದ ಪ್ರಯಾಣಧನ ಕೊಡುವುದಾದರೆ ಮುಂಗಡವಾಗಿ ಕೊಡಿಸಿ. 'ಮೊದಲು ನೀನು ಕಟ್ಟು, ರಸೀದಿ ತಾ' ಎಂದರೆ ಟಿಕೆಟ್ಟು, ಹೋಟೆಲ್ಲು ಎಲ್ಲ ವಿದ್ಯಾರ್ಥಿಯ ಕ್ರೆಡಿಟ್ ಕಾರ್ಡಿನ ಮೇಲೆ ಬಿದ್ದು, ಹಣ ಮರಳುವ ಹೊತ್ತಿಗೆ ಬಡ್ಡಿ ಬೆಳೆದಿರುತ್ತದೆ.

ಷರತ್ತು ಬಿಗಿಮಾಡಬೇಡಿ. 'ಇಂಥ ಜಿಲ್ಲೆಯವರು, ಇಂಥದೇ ವಿಷಯ ಓದುವವರು' ಎಂದು ಬರೆಸಿದರೆ ಅರ್ಜಿದಾರರೇ ಇಲ್ಲದೆ ಹಣ ಕೊಳೆಯುತ್ತದೆ. 'ಸಾಧ್ಯವಾದರೆ ಆದ್ಯತೆ' ಎಂದಷ್ಟೇ ಬರೆಸಿ. ಯಾರಿಗೆ ಕೊಡಬೇಕೆಂದು ನೀವೇ ಬೆರಳು ತೋರಿಸಿದರೆ ತೆರಿಗೆ ವಿನಾಯಿತಿಯೇ ಕೈತಪ್ಪಬಹುದು. ಅಂಕಪಟ್ಟಿಯನ್ನೂ ಕೇಳಬೇಡಿ, ಅಮೆರಿಕದ 1974ರ ಫೆರ್ಪಾ ಕಾನೂನು ವಿದ್ಯಾರ್ಥಿಗಳ ದಾಖಲೆಗಳಿಗೆ ಕಾವಲಿದೆ.

ಪ್ರಶ್ನೆ: ಇಲ್ಲಿ ಭಾರತದಲ್ಲಿ ನನ್ನ ಪಿಎಚ್‌.ಡಿ.ಗೂ 'ಸಲಹಾ ಸಮಿತಿ' ಇದೆ. ಅದೂ ಇದೂ ಒಂದೇನಾ?

ಉತ್ತರ: ಹೆಸರಷ್ಟೇ ಹತ್ತಿರ. ನಿಮ್ಮದು ಯುಜಿಸಿಯ 2022ರ ನಿಯಮದಂತೆ ರಚನೆಯಾದ ಸಂಶೋಧನಾ ಸಲಹಾ ಸಮಿತಿ. ಪ್ರತಿ ಸೆಮಿಸ್ಟರ್ ಅದರ ಮುಂದೆ ನಿಮ್ಮ ಪ್ರಗತಿ ಒಪ್ಪಿಸಬೇಕು. ಪಠ್ಯ ರೂಪಿಸುವ ಅಧ್ಯಯನ ಮಂಡಳಿ ಇವೆರಡಕ್ಕಿಂತ ಬೇರೆ, ಅದು ಶಾಸನಬದ್ಧ.

ಪ್ರಶ್ನೆ: ದುಡ್ಡು ಕೊಡಲಾಗದವರು ಇಂಥ ಮಂಡಳಿಯಲ್ಲಿದ್ದು ಏನು ಮಾಡಬಹುದು?

ಉತ್ತರ: ಬೇಕಾದಷ್ಟಿದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರುಮಾಡಿದ 'ಮೂರು ನಿಮಿಷದ ಪ್ರಬಂಧ' ಸ್ಪರ್ಧೆ ಈಗ ಎಷ್ಟೋ ದೇಶಗಳಲ್ಲಿದೆ. ಪಿಎಚ್‌.ಡಿ. ವಿದ್ಯಾರ್ಥಿ ತನ್ನ ಸಂಶೋಧನೆಯನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕು: ಒಂದೇ ಸ್ಲೈಡ್, ಅದರಲ್ಲಿ ಅನಿಮೇಶನ್ ಇಲ್ಲ, ಮೂರು ನಿಮಿಷ ಮೀರಿದರೆ ಅನರ್ಹ. ತೀರ್ಪುಗಾರರಾಗಿ ಆ ವಿಷಯ ಗೊತ್ತಿಲ್ಲದವರೇ ಬೇಕು, ನೀವು ಕುಳಿತುಕೊಳ್ಳಿ. ಎಂಟು ಪುಟದ ಸಿ.ವಿ.ಯನ್ನು ಕಂಪನಿಗೆ ಹೊಂದುವಂತೆ ಎರಡಕ್ಕೆ ಇಳಿಸಿಕೊಡಿ. ಅಣಕು ಸಂದರ್ಶನಕ್ಕೆ ಅರ್ಧ ಗಂಟೆ ಸಾಕು, ಆದರೆ ಒಪ್ಪಿದ ದಿನ ತಪ್ಪಿಸಬೇಡಿ.