ಹತ್ತು ವರ್ಷದ ಮಗಳಿಗೆ ಗುರಿ ಹೊಡೆಯಲು ಕಲಿಸಬೇಕು, ಮೊದಲು ಯಾವ ಕೋವಿ ಕೊಡಲಿ?

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಕಂಡು ಮಗಳು ಹಟ ಹಿಡಿದಿದ್ದಾಳೆ, ಮನೆಯಲ್ಲಿ ಅಜ್ಜನ ಹನ್ನೆರಡು ಬೋರಿನ ಕೋವಿ ಇದೆ, ಅದರಲ್ಲೇ ಶುರು ಮಾಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನೂ ಕೊಡಗಿನವನು, ಮನೆಯ ಮಕ್ಕಳಿಗೆ ಗುರಿ ಕಲಿಸಿದವನು. ಆ ಕೋವಿಗೆ ಪೂಜೆ ಸಲ್ಲಲಿ, ಮಗಳ ಕೈಗೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಏರ್ ರೈಫಲ್ ಬರಲಿ.

ಹನ್ನೆರಡು ಬೋರಿನ ಒದೆತ ಎಳೆಯ ಭುಜಕ್ಕೆ ತಡೆಯುವಂಥದ್ದಲ್ಲ. ಒಮ್ಮೆ ಪೆಟ್ಟು ತಿಂದ ಮಗು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಹಿಂದೆಳೆದುಕೊಳ್ಳುತ್ತದೆ. ಆ ಅಂಜಿಕೆ ಮೈಗೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಕಾನೂನೂ ಇದೆ: ನಿಯಮಬದ್ಧ ತರಬೇತಿಯ ಹೊರತು 21 ತುಂಬದವರ ಕೈಗೆ ಬಂದೂಕು ಕೊಡುವುದನ್ನು ಶಸ್ತ್ರಾಸ್ತ್ರ ಕಾಯ್ದೆ ಒಪ್ಪುವುದಿಲ್ಲ.

.177 ಅಂಗುಲ, ಅಂದರೆ 4.5 ಮಿ.ಮೀ. ಬೋರಿನ (ನಳಿಗೆಯ ಒಳ ಅಗಲದ), ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಅದನ್ನು ಆಟಿಕೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. 2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಅಳತೆಯ ಗುಂಡಿನಲ್ಲಿ. ಹತ್ತು ಅಂಕದ ಚುಕ್ಕೆ ಇರುವುದು ಅರ್ಧ ಮಿಲಿಮೀಟರ್, ದೂರ 10 ಮೀಟರ್! ಅದೇ ಗುಂಡು ಕಣ್ಣಿಗೆ ತಾಗಿದರೆ ಕಣ್ಣು ಹೋದಂತೆಯೇ.

ಅಂಗಡಿಗೆ ಮಗಳನ್ನು ಕರೆದುಕೊಂಡೇ ಹೋಗಿ. ಮೊಣಕೈ ಮಡಚಿ, ಬಟ್‌ನ (ಭುಜಕ್ಕೆ ಒತ್ತುವ ಹಿಂಭಾಗದ) ತುದಿಯನ್ನು ಆ ಮಡಿಕೆಗೆ ಒತ್ತಿ ಹಿಡಿಸಿ ನೋಡಿ. ತೋರುಬೆರಳು ಆರಾಮವಾಗಿ ಟ್ರಿಗರ್ ಮುಟ್ಟಬೇಕು. ಮುಟ್ಟದಿದ್ದರೆ ಬಟ್ ಉದ್ದವಾಯಿತು. ದೊಡ್ಡವಳಾದ ಮೇಲೆ ಸರಿಹೋದೀತು ಎಂದು ಕೊಳ್ಳಬೇಡಿ. ಹಗುರವಾದದ್ದನ್ನೇ ಆರಿಸಿ. ದೂರದರ್ಶಕ ಬೇಡ, ಹಿಂದಿನ ಕಚ್ಚು ಮತ್ತು ಮುಂದಿನ ಮೊನೆ ಜೋಡಿಸುವುದನ್ನು ಮೊದಲು ಕಲಿಯಲಿ. ಯಾವ ಕಣ್ಣು ಪ್ರಬಲವೋ ಅದನ್ನೂ ನೋಡಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಹೆಬ್ಬೆರಳು ಸರಿಹೊಂದಿಸಿ, ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಹೆಬ್ಬೆರಳು ಕಂಬ ಬಿಟ್ಟು ಕದಲುವುದಿಲ್ಲವೋ ಆ ಕಣ್ಣಿನ ಕಡೆಯ ಭುಜಕ್ಕೆ ಬಟ್ ಇಡುವುದು ಮೇಲು, ಅದು ಎಡವಾದರೂ ಸರಿ.

ನಳಿಗೆಯನ್ನು ಕೆಳಕ್ಕೆ ಮಡಚಿ ಸ್ಪ್ರಿಂಗ್ ಬಿಗಿಯುವ ಬಗೆಯದಾದರೆ ಬಿಗಿಯುವ ಕೆಲಸ ನಿಮ್ಮದು, ಮಗುವಿಗೆ ಅಷ್ಟು ಬಲ ಇರುವುದಿಲ್ಲ. ಗುಂಡು ತುಂಬುವಾಗ ಒಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದಿರಲಿ. ಆಗ ಟ್ರಿಗರ್ ತಾಗಿತೋ, ನಳಿಗೆ ರಪ್ಪನೆ ಮೇಲಕ್ಕೆ ಹಾರಿ ಬೆರಳು ಜಜ್ಜುತ್ತದೆ.

ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬ ಇರಲಿ. ಕಲ್ಲು, ಕಬ್ಬಿಣ ಇದ್ದರೆ ಗುಂಡು ತಿರುಗಿ ಬರುತ್ತದೆ. ಇಬ್ಬರೂ ಕನ್ನಡಕ ಹಾಕಿಕೊಳ್ಳಿ. ಗುಂಡು ಸೀಸದ್ದು, ಮುಗಿಸಿದ ಕೂಡಲೇ ಸೋಪು ಹಾಕಿ ಕೈ ತೊಳೆಸಿ. ರೈಫಲ್‌ಗೆ ಬೀಗ ಹಾಕಿಡಿ, ಕೀಲಿ ನಿಮ್ಮ ಬಳಿಯೇ ಇರಲಿ. ಆಸಕ್ತಿ ಒಂದು ವರ್ಷ ಉಳಿದರೆ ತರಬೇತುದಾರರಿರುವ ರೈಫಲ್ ಕ್ಲಬ್‌ಗೆ ಸೇರಿಸಿ, ಮದ್ದಿನಿಂದ ಸಿಡಿಯುವ .22 ರೈಫಲ್ ಯಾವಾಗ ಎಂಬುದನ್ನು ಅವರೇ ಹೇಳುತ್ತಾರೆ.