ಟ್ಯಾಮ್‌ವರ್ತ್ ಹಬ್ಬಕ್ಕೆ ಮೊದಲ ಸಲ ಪಿಟೀಲು ಹಿಡಿದು ಹೋಗುವವರಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನಲ್ಲಿ ಹನ್ನೆರಡು ವರ್ಷ ಕರ್ನಾಟಕ ಪಿಟೀಲು ಕಲಿತಿದ್ದೀರಿ. ಈಗ ಆಸ್ಟ್ರೇಲಿಯಾದ ಸಿಡ್ನಿಯ ಬ್ಯಾಂಡ್ ಒಂದರ ಜೊತೆ ಊರೂರು ಸುತ್ತಿ ನುಡಿಸುತ್ತಿದ್ದೀರಿ. ಜನವರಿಯಲ್ಲಿ ಅದೇ ದೇಶದ ಟ್ಯಾಮ್‌ವರ್ತ್ ಕಂಟ್ರಿ ಮ್ಯೂಸಿಕ್ ಹಬ್ಬಕ್ಕೆ ಕರೆ ಬಂದಿದೆ, ಕಂಟ್ರಿ, ಅಂದರೆ ಹಳ್ಳಿಗಾಡಿನ ಬದುಕನ್ನು ಹಾಡುವ ಆ ಪಾಶ್ಚಾತ್ಯ ಸಂಗೀತವನ್ನು, ಎಂದೂ ನುಡಿಸಿಲ್ಲ, ಏನು ತಯಾರಿ ಬೇಕು ಅಂತ ಕೇಳಿದ್ದೀರಿ. ಟೋಪಿ, ಬೂಟು ತಗೊಂಡರೆ ಸಾಕು ಅಂತ ಒಬ್ಬರು ಉತ್ತರ ಬರೆದಿದ್ದಾರೆ. ಅಷ್ಟು ಸಾಲದು. ನಾನೂ ಕರ್ನಾಟಕ ಪಿಟೀಲಿನಿಂದಲೇ ಅಲ್ಲಿಗೆ ಹೋದವನು. ನಾಲ್ಕು ಸಲ ನುಡಿಸಿದ್ದೇನೆ. ಮೊದಲ ಸಲ ನನಗೆ ಯಾರೂ ಹೇಳದೇ ಇದ್ದದ್ದನ್ನೆಲ್ಲ ನಿಮಗೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಅಲ್ಲೂ ನೀವು ಪಕ್ಕವಾದ್ಯವೇ. ಆದರೆ ಪಕ್ಕವಾದ್ಯದ ಕೆಲಸ ನಮ್ಮಲ್ಲಿಗಿಂತ ತಿರುವುಮುರುವು. ಕಚೇರಿಯಲ್ಲಿ ಗಾಯಕರು ಹಾಡುತ್ತಿರುವಾಗ ನಾವು ನೆರಳಿನ ಹಾಗೆ ಹಿಂದೆಯೇ ಹೋಗುತ್ತೇವೆ. ಅವರು ಎಳೆದ ಕಡೆ ಎಳೆಯುತ್ತೇವೆ, ನಿಂತ ಕಡೆ ನಿಲ್ಲುತ್ತೇವೆ. ಕಂಟ್ರಿಯಲ್ಲಿ ಹಾಗೆ ಮಾಡಿದರೆ ಹಾಡು ಕೆಡುತ್ತದೆ. ಅಲ್ಲಿ ಹಾಡು ಅಂದರೆ ಕತೆ. ಲಾರಿ ಓಡಿಸುವವನ ಕತೆ, ಬರಗಾಲದಲ್ಲಿ ಜಮೀನು ಕಳೆದುಕೊಂಡವರ ಕತೆ. ಕೂತವರು ಒಂದೊಂದು ಮಾತನ್ನೂ ಕೇಳಲು ಬಂದಿರುತ್ತಾರೆ. ಗಾಯಕಿ ಬಾಯಿ ತೆರೆದಾಗ ನಿಮ್ಮ ಕಮಾನು ತಂತಿಯಿಂದ ಮೇಲಿರಬೇಕು. ಸಾಲು ಮುಗಿದು ಅವಳು ಉಸಿರು ತೆಗೆದುಕೊಳ್ಳುವ ಆ ಎರಡು ಎಣಿಕೆಯ ಜಾಗ ನಿಮ್ಮದು. ಅಲ್ಲಿ ನಾಲ್ಕೈದು ಸ್ವರ ಹಾಕಿ, ಮುಂದಿನ ಸಾಲು ಶುರುವಾಗುವ ಮೊದಲೇ ಸರಿದುಬಿಡಿ. ಇದನ್ನು ಅವರು ಫಿಲ್ ಅನ್ನುತ್ತಾರೆ.

ನನ್ನ ಮೊದಲ ವರ್ಷ ಮೊದಲ ಹಾಡಿನ ತುಂಬ ಗಾಯಕಿಯ ಹಿಂದೆಯೇ ನುಡಿಸಿದೆ. ಅಭ್ಯಾಸ ಹಾಗೆ ಮಾಡಿಸಿತು. ಹಾಡು ಮುಗಿದ ಮೇಲೆ ಬ್ಯಾಂಡಿನ ಹಿರಿಯ ಗಿಟಾರ್ ವಾದಕರು ನನ್ನ ಹತ್ತಿರ ಬಂದರು. ಬೈಯಲಿಲ್ಲ. ನನ್ನ ಕಮಾನಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಎರಡನೇ ಹಾಡಿನಲ್ಲಿ ಗಾಯಕಿ ಹಾಡುವಷ್ಟು ಹೊತ್ತೂ ಅವರು ನನ್ನ ಕಡೆ ನೋಡಿ, ಬೇಡ ಅಂತ ತಲೆ ಅಲ್ಲಾಡಿಸುತ್ತಾ ಇದ್ದರು. ಸಾಲು ಮುಗಿದಾಗ ಮಾತ್ರ ಹುಬ್ಬು ಮೇಲೆತ್ತುತ್ತಿದ್ದರು. ನಾಲ್ಕು ಸಾಲಿನಲ್ಲಿ ಪಾಠ ಮುಗಿಯಿತು. ಈಗಲೂ ಕಮಾನು ಎತ್ತುವಾಗ ಆ ಹುಬ್ಬು ನೆನಪಾಗುತ್ತದೆ.

ಈಗ ನಿಮಗೆ ಸಮಾಧಾನ ಕೊಡುವ ವಿಷಯ. ಅಲ್ಲಿ ಯಾರೂ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಮೇಲೆ ಬರೆದ ಪಾಶ್ಚಾತ್ಯ ಸ್ವರಲಿಪಿ, ಕೊಡುವುದಿಲ್ಲ. ಒಂದು ಹಾಳೆಯಲ್ಲಿ ಬರೀ ಅಂಕಿ ಬರೆದಿರುತ್ತಾರೆ: 1 1 4 1, 1 1 5 5, ಹೀಗೆ. ಇದಕ್ಕೆ ನ್ಯಾಶ್‌ವಿಲ್ ನಂಬರ್ ಪದ್ಧತಿ ಅಂತ ಹೆಸರು, ಅಮೆರಿಕದ ಕಂಟ್ರಿ ಸಂಗೀತದ ಊರಿನ ಹೆಸರು ಅದು. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಎಂಬ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಹುಟ್ಟುಹಾಕಿದ್ದು, ಆಮೇಲೆ ವಾದಕ ಚಾರ್ಲಿ ಮೆಕಾಯ್ ಅದನ್ನು ಬೆಳೆಸಿದರು. ಒಂದು ಅಂಕಿ ಅಂದರೆ ಒಂದು ಬಾರ್, ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ. ಅಂಕಿ ಯಾವ ಸ್ವರದ ಮೇಲೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಕಟ್ಟಬೇಕು ಅಂತ ಹೇಳುತ್ತದೆ. ಅಡಿಗೆರೆ ಎಳೆದ ಎರಡು ಅಂಕಿ ಇದ್ದರೆ ಒಂದೇ ಬಾರ್‌ನಲ್ಲಿ ಎರಡು ಕಾರ್ಡ್. ಅಂಕಿಯ ಪಕ್ಕ ಸಣ್ಣ ಅಡ್ಡಗೆರೆ ಇದ್ದರೆ ಮೈನರ್, ಅಂದರೆ ನಡುವಿನ ಸ್ವರ ಅರ್ಧ ಸ್ವರ ಕೆಳಗಿರುವ ಕಾರ್ಡ್. ಅಂಕಿಯ ಸುತ್ತ ಡೈಮಂಡ್ ಆಕಾರ ಇದ್ದರೆ ಒಮ್ಮೆ ನುಡಿಸಿ ನಾದವನ್ನು ಹಾಗೇ ಬಿಡಬೇಕು.

ಇದನ್ನು ನೋಡಿ ಗಾಬರಿ ಆಗಬೇಡಿ. ಇದು ನಮ್ಮದೇ ಲೆಕ್ಕ. 1 ಅಂದರೆ ಷಡ್ಜ, 4 ಅಂದರೆ ಶುದ್ಧ ಮಧ್ಯಮ, 5 ಅಂದರೆ ಪಂಚಮ. ಮೇಜರ್ ಸ್ಕೇಲ್ ಅಂದರೆ ಶಂಕರಾಭರಣ. 1ಕ್ಕೆ ಸ-ಗ-ಪ, 4ಕ್ಕೆ ಮ-ಧ-ಸ, 5ಕ್ಕೆ ಪ-ನಿ-ರಿ, 6 ಮೈನರ್‌ಗೆ ಧ-ಸ-ಗ. ಈ ನಾಲ್ಕು ಗುಂಪು ಕೈಗೆ ಬಂದರೆ ಮುಕ್ಕಾಲು ಪಾಲು ಹಾಡು ಬಂದ ಹಾಗೆ. ಗಾಯಕಿ ಇವತ್ತು ಗಂಟಲು ಸರಿಯಿಲ್ಲ, ಎ ಶ್ರುತಿ ಬದಲು ಜಿ ಶ್ರುತಿ ಮಾಡೋಣ ಅಂದರೆ ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರ ಓದಿ ಕಲಿತವರು ಒದ್ದಾಡುತ್ತಾರೆ. ನಮಗೆ ಶ್ರುತಿ ಬದಲಾಯಿತು ಅಷ್ಟೇ ಅಲ್ವಾ? ಅಂಕಿಗಳು ಹಾಗೇ ಇರುತ್ತವೆ.

ಫಿಲ್‌ಗಳಿಗೆ ಮೋಹನ ರಾಗವೇ ನಿಮ್ಮ ಆಸ್ತಿ. ಅವರು ಮೇಜರ್ ಪೆಂಟಟೋನಿಕ್ ಅನ್ನುವುದು ಅದನ್ನೇ. ಅದರ ಮೇಲೆ ಒಂದೇ ಒಂದು ಅಲಂಕಾರ ಕಲಿಯಿರಿ: ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಒಂದು ಜಾರು. ಆ ಜಾರಿನಲ್ಲೇ ಕಂಟ್ರಿಯ ಬಣ್ಣ ಇದೆ. ನಿಮ್ಮ ಕೈ ಅದನ್ನು ಬೇರೆ ಯಾರಿಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಕಂಪಿತ ಬೇಡ. ಗಾಂಧಾರವನ್ನು, ನಿಷಾದವನ್ನು ಅಲ್ಲಾಡಿಸಬೇಡಿ. ಕೆಳಗೆ ಗಿಟಾರ್ ನೇರವಾಗಿ ಆ ಸ್ವರವನ್ನು ಹಿಡಿದು ನಿಂತಿರುತ್ತದೆ, ಎರಡೂ ತಿಕ್ಕಾಡಿ ಅಪಸ್ವರದಂತೆ ಕೇಳುತ್ತದೆ.

ತಂತಿಯ ವಿಷಯಕ್ಕೆ ಬರೋಣ. ಇದಕ್ಕೆ ಇವತ್ತೇ ಕೈ ಹಾಕಿ. ನಮ್ಮ ಪಿಟೀಲು ಸ-ಪ-ಸ-ಪ. ಅವರದು ಜಿ-ಡಿ-ಎ-ಇ. ವ್ಯತ್ಯಾಸ ಇರುವುದು ಮಧ್ಯದಲ್ಲಿ. ನಮ್ಮ ಎರಡನೇ ಮತ್ತು ಮೂರನೇ ತಂತಿಯ ನಡುವೆ ಪಂಚಮದಿಂದ ಮೇಲಿನ ಷಡ್ಜದ ಅಂತರ, ಅಂದರೆ ಮಧ್ಯಮದಷ್ಟು. ಅವರಲ್ಲಿ ಎಲ್ಲ ತಂತಿಗಳ ನಡುವೆಯೂ ಪಂಚಮದ ಅಂತರ. ಕೆಳಗಿನಿಂದ ಮೇಲಕ್ಕೆ ಓಡುವಾಗ ಮಧ್ಯದಲ್ಲಿ ಬೆರಳು ತಪ್ಪುವುದು ಇದರಿಂದಲೇ. ದಿನಾ ಅರ್ಧ ಗಂಟೆ ಬರೀ ಆ ಎರಡು ತಂತಿ ದಾಟುವುದನ್ನೇ ಸಾಧನೆ ಮಾಡಿ. ಮನೆಯ ಪಿಟೀಲಿನ ಶ್ರುತಿಯನ್ನೇ ಏರಿಸಿ ಇಳಿಸಿ ಮಾಡಬೇಡಿ. ಸಾಧ್ಯವಾದರೆ ಇನ್ನೊಂದು ಪಿಟೀಲು ಇದಕ್ಕೇ ಅಂತ ಇಟ್ಟುಕೊಳ್ಳಿ, ಬಾಡಿಗೆಗೂ ಸಿಗುತ್ತದೆ.

ನಿಂತು ನುಡಿಸುವ ಅಭ್ಯಾಸವೂ ಬೇಕು. ಕೂತು ನುಡಿಸುವಾಗ ಪಿಟೀಲಿನ ತಲೆ ನಮ್ಮ ಹಿಮ್ಮಡಿಯ ಹತ್ತಿರ ಆತುಕೊಂಡಿರುತ್ತದೆ, ಎಡಗೈ ಆರಾಮಾಗಿ ಓಡಾಡುತ್ತದೆ. ನಿಂತಾಗ ಆ ಆಸರೆ ಇಲ್ಲ. ಒಳ್ಳೆಯ ಶೋಲ್ಡರ್ ರೆಸ್ಟ್ ಕೊಳ್ಳಿ. ಮೊದಲ ಎರಡು ವಾರ ಕುತ್ತಿಗೆ ನೋಯುತ್ತದೆ, ಹತ್ತು ಹತ್ತು ನಿಮಿಷದಿಂದ ಶುರು ಮಾಡಿ.

ಇನ್ನು ಬಿಸಿಲು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜನವರಿ ಅಂದರೆ ಅಲ್ಲಿ ನಡುಬೇಸಿಗೆ. ಟ್ಯಾಮ್‌ವರ್ತ್ ಸಮುದ್ರದಿಂದ ಒಳಗಿರುವ ಊರು. ಕೆಲವು ದಿನ 40 ಡಿಗ್ರಿ ದಾಟುತ್ತದೆ, ಅದೂ ಒಣ ಬಿಸಿಲು. ಸಿಡ್ನಿಯ ತೇವದ ಗಾಳಿಗೆ ಹೊಂದಿಕೊಂಡ ಮರ ಅಲ್ಲಿ ಒಣಗಿ ಕುಗ್ಗುತ್ತದೆ, ಬಿರಡೆ ಸಡಿಲವಾಗುತ್ತದೆ. ನನಗೆ ಮೂರನೇ ಹಾಡಿನ ಮಧ್ಯದಲ್ಲಿ ಎ ತಂತಿಯ ಬಿರಡೆ ಟಕ್ ಅಂತ ಜಾರಿತು. ತಂತಿ ಸಡಿಲವಾಗಿ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ಪಟ್ಟಿಯ) ಮೇಲೆ ಜೋತಾಡಿತು. ಮುಂದಿನ ಎಂಟು ಬಾರ್ ನನ್ನ ಸೋಲೋ. ಕೆಳಗಿನ ಡಿ, ಜಿ ತಂತಿಯಲ್ಲೇ ಉದ್ದುದ್ದ ಸ್ವರ ಎಳೆದು ಮುಗಿಸಿದೆ. ಆಮೇಲಿನಿಂದ ಬಿರಡೆ ಪೇಸ್ಟ್, ಒಂದು ಸೆಟ್ ತಂತಿ ಯಾವಾಗಲೂ ಪೆಟ್ಟಿಗೆಯಲ್ಲಿರುತ್ತವೆ. ಹೊರಡುವ ಮುಂಚೆ ನಾಲ್ಕೂ ಬಿರಡೆಗೆ ಪೇಸ್ಟ್ ಹಚ್ಚಿ. ಪೆಟ್ಟಿಗೆಯೊಳಗೆ ಒದ್ದೆ ಸ್ಪಂಜಿನ ಹ್ಯುಮಿಡಿಫೈಯರ್ ಇಡಿ. ನುಡಿಸಿ ಮುಗಿದ ಕೂಡಲೇ ಕಮಾನಿನ ಕೂದಲು ಸಡಿಲ ಮಾಡಿ. ಒಣಗಾಳಿಗೆ ಕೂದಲು ಬಿಗಿದು ಕಮಾನು ಬಾಗಿಹೋಗುತ್ತದೆ.

ಪಿಟೀಲನ್ನು ಕಾರಿನಲ್ಲಿ ಬಿಡಲೇಬೇಡಿ. ಊಟ ಮಾಡಿ ಬರುವಷ್ಟು ಹೊತ್ತೂ ಬೇಡ. ಪಿಟೀಲು ಜೋಡಿಸುವುದು ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟಿನಿಂದ. ರಿಪೇರಿಗೆ ಬಿಚ್ಚಲು ಬರಲಿ ಅಂತಲೇ ಅದನ್ನು ಬಳಸುತ್ತಾರೆ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಬಿಸಿಲಿಗೆ ನಿಂತ ಕಾರಿನೊಳಗೆ ಜೋಡಣೆ ಬಿಟ್ಟುಕೊಂಡ ಪಿಟೀಲನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು, ಸನ್‌ಸ್ಕ್ರೀನ್ ಹಚ್ಚಿದ ಕೈ ತೊಳೆಯದೆ ವಾದ್ಯ ಮುಟ್ಟಬೇಡಿ. ವಾರ್ನಿಶ್ ಕೀಳುತ್ತದೆ.

ಸ್ಟೇಜಿನ ಮೇಲೆ ಕಚೇರಿಯ ಹಾಗೆ ನಿಧಾನವಾಗಿ ಶ್ರುತಿ ಕೂಡಿಸಿಕೊಂಡು, ಮೈಕ್ ನೋಡಿಕೊಂಡು ಶುರು ಮಾಡುವ ಹೊತ್ತು ಇರುವುದಿಲ್ಲ. ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತಲು ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಅದರಲ್ಲಿ ಲೈನ್ ಚೆಕ್ ಮಾತ್ರ ಮಾಡುತ್ತಾರೆ, ಅಂದರೆ ನಿಮ್ಮ ವಾದ್ಯದ ಸದ್ದು ಬರುತ್ತಿದೆಯೋ ಇಲ್ಲವೋ ಅಷ್ಟೇ. ನಿಂತಲ್ಲೇ ಬರೀ ಮೈಕ್ ಇಟ್ಟರೆ ಡ್ರಮ್ಸ್ ಸದ್ದು ಅದರೊಳಗೆ ನುಗ್ಗುತ್ತದೆ, ಸ್ಪೀಕರಿನ ಸದ್ದು ಮತ್ತೆ ಮೈಕ್ ಸೇರಿ ಕೂಗು ಬರುತ್ತದೆ. ಕುದುರೆಗೆ ಪಿಕಪ್ (ವಾದ್ಯದ ಕಂಪನವನ್ನೇ ಹಿಡಿಯುವ ಸಾಧನ) ಹಾಕಿಸಿ, ಜೊತೆಗೆ ಅದರ ಸದ್ದನ್ನು ಹದಮಾಡುವ ಪ್ರಿಆಂಪ್ ನಿಮ್ಮದೇ ಒಯ್ಯಿರಿ. ನಮ್ಮ ಚೌಡಯ್ಯನವರು ದೊಡ್ಡ ಸಭೆಯಲ್ಲಿ ಸದ್ದು ಸಾಲದು ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡರು. ಬಯಲಲ್ಲಿ ನಿಂತಾಗ ಅವರ ತಾಪತ್ರಯ ಏನಿತ್ತು ಅಂತ ನನಗೆ ಅರ್ಥವಾಯಿತು. ಹಾಳೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ ನಾಲ್ಕು ಇಟ್ಟುಕೊಳ್ಳಿ, ಮಧ್ಯಾಹ್ನ ಗಾಳಿ ಜೋರು. ಟ್ಯಾಬ್ ನಂಬಬೇಡಿ, ಬಿಸಿಲಿಗೆ ಕಾದು ಆಫ್ ಆಗುತ್ತದೆ.

ಕೈಸನ್ನೆಗಳನ್ನು ಕಲಿತಿರಿ. ಬ್ಯಾಂಡಿನ ಮುಖ್ಯಸ್ಥರು ನಾಲ್ಕು ಬೆರಳು ತೋರಿಸಿದರೆ 4ರ ಕಾರ್ಡ್ ಬರುತ್ತಿದೆ, ಐದು ತೋರಿಸಿದರೆ 5. ಕಾಲು ಎತ್ತಿದರೆ ಇದೇ ಕೊನೆಯ ಸುತ್ತು. ವಾಕ್‌ಅಪ್ ಅನ್ನುವ ಕಾರ್ಯಕ್ರಮಗಳೂ ಇರುತ್ತವೆ. ಯಾರೋ ಗಾಯಕರು ಬಂದು ಶ್ರುತಿ ಹೇಳುತ್ತಾರೆ, ಅಲ್ಲಿರುವ ಬ್ಯಾಂಡ್ ಹಾಗೇ ನುಡಿಸುತ್ತದೆ. ಒಂದು ಮಧ್ಯಾಹ್ನ ಸುಮ್ನೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಆ ಬ್ಯಾಂಡಿನವರ ಕೈ ನೋಡಿ. ಯಾವ ಕ್ಲಾಸಿಗೆ ಹೋದರೂ ಅಷ್ಟು ಸಿಗಲ್ಲ.

ಊರಿನ ವಿಷಯ ಬೇಗ ಹೇಳುತ್ತೇನೆ. ಹಬ್ಬ ಹತ್ತು ದಿನ. ಟೂ-ಟಿಎಂ ಎಂಬ ಅಲ್ಲಿನ ರೇಡಿಯೋದವರು ಕಟ್ಟಿ ಬೆಳೆಸಿದ್ದು, ಅಲ್ಲಿ ಕಂಟ್ರಿ ಸಂಗೀತಕ್ಕೆ ಕೊಡುವ ಗೋಲ್ಡನ್ ಗಿಟಾರ್ ಪ್ರಶಸ್ತಿ 1973ರಲ್ಲಿ ಶುರುವಾಯಿತು. ಮೊದಲನೆಯದು ಜಾಯ್ ಮೆಕೀನ್ ಅವರ ಹಾಡಿಗೆ ಬಂತು. ಅವರ, ಅವರ ಗಂಡ ಸ್ಲಿಮ್ ಡಸ್ಟಿಯ ಹಾಡುಗಳನ್ನು ಈಗಿನಿಂದಲೇ ಕೇಳುತ್ತಾ ಇರಿ. ಅಲ್ಲಿನ ಹಿರಿಯರಿಗೆ ಅವು ಬಾಯಿಪಾಠ. ಉಳಿಯುವ ಜಾಗ ತುಂಬ ಮೊದಲೇ ತುಂಬಿಹೋಗುತ್ತದೆ, ಆದ್ದರಿಂದ ಬ್ಯಾಂಡಿನವರು ಎಲ್ಲಿ ಉಳಿಸುತ್ತಾರೆ ಅಂತ ಇವತ್ತೇ ಕೇಳಿ. ಡೇರೆ ಅಂದರೆ ಪಿಟೀಲಿಗೆ ತಂಪು ಜಾಗ ಬೇರೆ ಹುಡುಕಬೇಕು. ಸಿಡ್ನಿಯಿಂದ ರಸ್ತೆಯಲ್ಲಿ 400 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮುಸ್ಸಂಜೆಯಲ್ಲಿ ಕಾರು ಓಡಿಸಬೇಡಿ, ಕಾಂಗರೂ ರಸ್ತೆಗೆ ಹಾರುತ್ತವೆ. ರೈಲೂ ಇದೆ, ನನಗೆ ಅದೇ ಇಷ್ಟ. ಪೀಲ್ ಸ್ಟ್ರೀಟ್‌ನಲ್ಲಿ ರಸ್ತೆ ಬದಿ ನುಡಿಸುವ ಆಸೆ ಇದ್ದರೆ ಕೌನ್ಸಿಲ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು.

ದುಡ್ಡಿನ ವಿಷಯ ಕೇಳಲು ಸಂಕೋಚ ಬೇಡ. ನಿಮ್ಮ ಹೆಸರಿನಲ್ಲಿ ಬಿಲ್ ಕೊಡಬೇಕಾದರೆ ಎಬಿಎನ್, ಅಂದರೆ ಅಲ್ಲಿನ ವ್ಯವಹಾರ ನೋಂದಣಿ ಸಂಖ್ಯೆ, ಬೇಕು. ಇಲ್ಲದಿದ್ದರೆ ಕೊಡುವವರು 47 ಪರ್ಸೆಂಟ್ ತೆರಿಗೆ ಅಂತ ಹಿಡಿದುಕೊಳ್ಳಬೇಕಾಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿದ್ದರೆ ಕೆಲಸದ ಗಂಟೆಗಳ ಲೆಕ್ಕವನ್ನೂ ನೋಡಿಕೊಳ್ಳಿ. ಬ್ಯಾಂಡಿನ ಹಾಡಿನಲ್ಲಿ ನಿಮ್ಮದೂ ರಚನೆ ಇದ್ದರೆ ರಚನಕಾರರ ಪರವಾಗಿ ದುಡ್ಡು ಸಂಗ್ರಹಿಸುವ ಸಂಸ್ಥೆ ಆಪ್ರಾ ಆಮ್ಕೋಸ್‌ನ ಸದಸ್ಯರಾಗಿ, ಹಬ್ಬ ಮುಗಿದ ಮೇಲೆ ನುಡಿಸಿದ ಹಾಡುಗಳ ಪಟ್ಟಿ ಕಳಿಸಿ. ರಾಯಧನ ಬರುತ್ತದೆ.

ಹಾಡುಗಳ ಪಟ್ಟಿ, ಶ್ರುತಿ ಕೈಗೆ ಬಂದ ಕೂಡಲೇ ಇಲ್ಲೇ ಹಾಕಿ. ಅಂಕಿಗಳನ್ನು ಸ್ವರದಲ್ಲಿ ಬರೆದು ಕೊಡುತ್ತೇನೆ. ಮೊದಲ ಎರಡು ಹಾಡಿಗೆ ಫಿಲ್ ನುಡಿಸಿ ರೆಕಾರ್ಡ್ ಮಾಡಿಯೂ ಕಳಿಸುತ್ತೇನೆ, ಅದರ ಜೊತೆ ಸಾಧನೆ ಶುರು ಮಾಡಿ.