ಉಡುಪಿಯ ನಮ್ಮ ಹಿತ್ತಲಲ್ಲಿ ದಾಸವಾಳಕ್ಕೆ ಬರೋ ಪುಟ್ಟ ಹಕ್ಕಿ ಹಮ್ಮಿಂಗ್ ಬರ್ಡಾ?

ಅಲ್ಲ ಮಾರಾಯ್ರೆ, ಹಮ್ಮಿಂಗ್ ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ, ನೀವು ನೋಡಿದ್ದು ಸೂರಕ್ಕಿ. ನಮ್ಮ ಕಡೆ ಇದರಲ್ಲೇ ಮೂರ್ನಾಲ್ಕು ಜಾತಿ ಉಂಟು. ಹೊಟ್ಟೆ ಹಳದಿ, ಬೆನ್ನು ಕಂದುಗೆಂಪು, ಗಂಟಲು ನೇರಳೆ ಹೊಳಪು ಇದ್ರೆ ಅದು ಮನೆ ಹತ್ರ ಮಾಮೂಲಿ ಸಿಗೋದು, ಸುಮಾರು 10 ಸೆಂ.ಮೀ. ಅಷ್ಟೆ. ಅದಕ್ಕಿಂತಲೂ ಚಿಕ್ಕದು, 8 ಸೆಂ.ಮೀ. ಆಸುಪಾಸಿಂದು ಇನ್ನೊಂದು ಉಂಟು, ಅದು ಪಶ್ಚಿಮ ಘಟ್ಟ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ, ಹೆಬ್ರಿ, ಆಗುಂಬೆ ಕಡೆಯ ಕಾಡು, ಕಾಡಿನ ಅಂಚಿನ ತೋಟ ಇಂಥಲ್ಲಿ ಹೂ ಎಲ್ಲಿ ಬಿಡ್ತದೋ ಅಲ್ಲಿಗೆ ಹೋಗ್ತಾ ಇರ್ತದೆ.

ದಾಸವಾಳದ ಹತ್ರ ಸರಿಯಾಗಿ ನೋಡಿ, ಎಷ್ಟೋ ಸಲ ಹೂವಿನ ಬಾಯಿಗೆ ಬರೋದೇ ಇಲ್ಲ, ಬುಡಕ್ಕೆ ಕೊಕ್ಕಲ್ಲಿ ತೂತು ಮಾಡಿ ಮಕರಂದ ಎಳೀತದೆ, ಪರಾಗಸ್ಪರ್ಶದ ಕೆಲಸ ಮಾಡದೆ ಊಟ ಮಾತ್ರ, ಚೆಂದದ ಕಳ್ಳ! ಆದ್ರೆ ಮಾವಿನ ಮರದಲ್ಲಿ ಬೆಳೆಯೋ ಬಂದಳಿಕೆ ಹೂವಿಗೆ ಪರಾಗ ದಾಟಿಸೋದ್ರಲ್ಲಿ ಇದರ ಪಾಲು ದೊಡ್ಡದು.

ಮಕರಂದ ಒಂದೇ ಸಾಕಾಗಲ್ಲ, ಮರಿಗಳಿಗೆ ಜೇಡ, ಹುಳ ಬೇಕು, ಗೂಡು ಕಟ್ಟಲಿಕ್ಕೂ ಜೇಡರ ಬಲೆಯೇ ಗೋಂದು. ಹಾಗಾಗಿ ಬಲೆ ಕಂಡ ಕೂಡ್ಲೆ ಪೊರಕೆ ಹಿಡೀಬೇಡಿ, ಸ್ಪ್ರೇ ಹೊಡೀಬೇಡಿ. ಕೊಂಬೆ ತುದಿಯಲ್ಲಿ ಕಸದ ಗಂಟು ನೇತಾಡಿದ ಹಾಗೆ ಕಂಡ್ರೆ ಎಳೆದು ಬಿಸಾಡುವ ಮುಂಚೆ ಒಮ್ಮೆ ನೋಡಿ, ಒಳಗೆ ಎರಡು ಮೊಟ್ಟೆ ಇರಬಹುದು.